ಶನಿವಾರ ಮೂರಕ್ಕೆ ಹೊರಡುವ ಕಾರು

ಅಳತೆ ಮಾಡದೆ ಪಾನಾ ಎತ್ತಿಕೊಳ್ಳುವ ಮೆಕ್ಯಾನಿಕ್ಕುಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನರಹರಿಯವರ ಕೆಂಪು ಕಾರು ಅಂಥ ನಾಲ್ವರ ಕೈ ದಾಟಿ ನನ್ನ ಗ್ಯಾರೇಜಿಗೆ ಬಂದಿತ್ತು. ಒಬ್ಬ ಪ್ಲಗ್ಗು ಬದಲಿಸಿದ್ದ. ಇನ್ನೊಬ್ಬ ಇಂಜೆಕ್ಟರ್ ತೊಳೆದಿದ್ದ. ಮೂರನೆಯವ ಫಿಲ್ಟರ್ ಕಿತ್ತು ಹೊಸದು ಹಾಕಿದ್ದ. ನಾಲ್ಕನೆಯ ಪುಣ್ಯಾತ್ಮ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪನ್ನೇ ಎರಡು ಸಲ ಬದಲಿಸಿ, ಹಳೇ ಕಾರಿನ ಹಣೆಬರಹ ಇಷ್ಟೇ ಎಂದು ಕೈ ತೊಳೆದುಕೊಂಡಿದ್ದ. ಕಾರು ಮಾತ್ರ ಎಂಬತ್ತರ ಹತ್ತಿರ ಬಂದರೆ ಸಾಕು, ಉಸಿರು ಕಟ್ಟಿದಂತೆ ಜಗ್ಗಿ ಜಗ್ಗಿ ನಿಧಾನವಾಗುತ್ತಿತ್ತು.

ಇದು ೨೦೧೦ರ ಮಾತು. ನಾನು ರೇವಣಪ್ಪ, ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವನು. ನಾಸಿಕದ ಸಾತಪುರದಲ್ಲಿ ಗ್ಯಾರೇಜು ತೆರೆದು ಆಗಲೇ ಹದಿನೆಂಟು ವರ್ಷವಾಗಿತ್ತು. ನರಹರಿಯವರು ಧಾರವಾಡದವರು, ಬ್ಯಾಂಕಿನಲ್ಲಿ ಆಫೀಸರು. ಮೊದಲ ದಿನ ಮರಾಠಿಯಲ್ಲಿ ಮಾತು ಶುರು ಮಾಡಿದವರು, ಬೋರ್ಡಿನ ಮೇಲೆ ನನ್ನ ಹೆಸರು ಓದಿದ ಕೂಡಲೇ ಕನ್ನಡಕ್ಕೆ ಬಂದುಬಿಟ್ಟರು. ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮೆಲುದನಿ. ಇಂಥ ಸಾಧು ಮನುಷ್ಯನ ಕೈಗೆ ಈ ಕಾರು ಹೇಗೆ ಬಂತು ಎಂದು ನನಗೆ ನಗು ಬಂತು. ಅದು ಸಣ್ಣ ಮೈಗೆ ದೊಡ್ಡ ಎಂಜಿನ್ ಕೂರಿಸಿ, ವೇಗದ ಹುಚ್ಚಿನ ಹುಡುಗರಿಗೆಂದೇ ಮಾಡಿದ ಕಾರು. ಕಂಪನಿ ಆ ಮಾಡೆಲ್ ನಿಲ್ಲಿಸಿಯೇ ವರ್ಷಗಳಾಗಿದ್ದವು.

ಇವರು ಅದನ್ನು ಪುಣೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದರಂತೆ. ೨೦೦೬ರಲ್ಲಿ ಬ್ಯಾಂಕಿನವರು ಔರಂಗಾಬಾದಿಗೆ ಎತ್ತಿ ಹಾಕಿದರು. ಈಗ ಊರಿನ ಹೆಸರು ಸಂಭಾಜಿನಗರ, ಆಗ ನಾವೆಲ್ಲ ಔರಂಗಾಬಾದು ಎಂದೇ ಅನ್ನುತ್ತಿದ್ದೆವು. ಮಗಳು ಮೈತ್ರೇಯಿಯ ಶಾಲೆ ತಪ್ಪಬಾರದೆಂದು ಹೆಂಡತಿ ಗೋದಾವರಿಬಾಯಿ ನಾಸಿಕದಲ್ಲೇ ಉಳಿದರು. ನರಹರಿಯವರು ಅಲ್ಲಿ ಒಂದು ಬಾಡಿಗೆ ಕೋಣೆ ಹಿಡಿದರು. ಶನಿವಾರ ಅರ್ಧ ದಿನದ ಬ್ಯಾಂಕು ಮುಗಿಸಿ ಮೂರಕ್ಕೆ ಹೊರಟರೆ ವೈಜಾಪುರ, ಯೇವಲಾ, ನಿಫಾಡ ದಾಟಿ ಆರಕ್ಕೆ ಮನೆ. ಭಾನುವಾರ ನಾಲ್ಕಕ್ಕೆ ವಾಪಸು. ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಕಾರಿಗೆ ಈ ರೋಗ ಹಿಡಿಯಿತು. ಮನೆ ಸೇರುವುದು ಏಳೂವರೆಯಾಯಿತು. ಭಾನುವಾರ ಎರಡೂವರೆಗೇ, ಊಟದ ಕೈ ಆರುವ ಮೊದಲೇ ಎದ್ದು ಹೊರಡಬೇಕಾಯಿತು.

ನಾನು ತಮಾಷೆ ಮಾಡಿದೆ. ಸಾಹೇಬರಿಗೆ ಈ ವಯಸ್ಸಿನಲ್ಲಿ ಎಂಬತ್ತು ಸಾಲದೇನು ಎಂದೆ. ಅವರು ನಗಲಿಲ್ಲ.

“ರೇವಣಪ್ಪ, ನನಗೇನು ರೇಸ್ ಹೊಡೀಬೇಕಾಗಿಲ್ರಿ. ಆರಕ್ಕ ಮನಿ ಮುಟ್ಟಬೇಕು, ಅಷ್ಟ. ಆರಕ್ಕ ಹೋದ್ರ ಅಕೀ ಬಾಲ್ಕನ್ಯಾಗ ನಿಂತಿರ್ತಾಳ. ಮಗಳೂ ಮನ್ಯಾಗ ಇರ್ತಾಳ. ಏಳೂವರಿಗೆ ಹೋದ್ರ ಮಗಳು ಟ್ಯೂಷನ್ನಿಗೆ ಹೋಗಿರ್ತಾಳ, ಅಕೀ ಒಲಿ ಮುಂದ. ಬಾಗಲಾ ನಾನ ತಕ್ಕೊಂಡು ಒಳಗ ಹೋಗಬೇಕು.”

ಮರುವಾರ ಭಾನುವಾರ ಬೆಳಿಗ್ಗೆ ಕಾರು ತಂದರು. ಜೊತೆಗೆ ಗೋದಾವರಿಬಾಯಿಯೂ ಬಂದಿದ್ದರು. ವಾರಕ್ಕೆ ಸಿಗುವ ಒಂದು ದಿನವನ್ನು ಗ್ಯಾರೇಜಿಗೆ ಬಿಟ್ಟುಕೊಡಲು ಮನಸ್ಸಿರಲಿಲ್ಲ ಎಂದು ಕಾಣುತ್ತದೆ. ನಾನು ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆ.

ನನ್ನ ಪದ್ಧತಿ ಹೇಳುತ್ತೇನೆ, ಕೇಳಿ. ಇಂಥ ಎಂಜಿನ್ನಿಗೆ ಪೆಟ್ರೋಲ್ ಹರಿದು ಬಂದರೆ ಸಾಲದು, ಒತ್ತಡದಿಂದ ನುಗ್ಗಿ ಬರಬೇಕು. ಆ ಒತ್ತಡ ಅಳೆಯುವ ಗಡಿಯಾರದಂಥ ಮಾಪಕ ಎಲ್ಲರ ಬಳಿಯೂ ಇರುತ್ತದೆ. ಆದರೆ ಎಲ್ಲರೂ ಕಾರು ನಿಂತಾಗ ನೋಡುತ್ತಾರೆ. ಮಹಡಿ ಮೇಲಿನ ನಲ್ಲಿಯಲ್ಲಿ ಒಂದು ಚೊಂಬು ತುಂಬುವಷ್ಟು ನೀರು ಯಾವಾಗಲೂ ಬರುತ್ತದೆ. ಮನೆಮಂದಿಯೆಲ್ಲ ಒಟ್ಟಿಗೆ ಸ್ನಾನಕ್ಕೆ ನಿಂತಾಗಲೇ ಅದರ ಬಂಡವಾಳ ತಿಳಿಯುವುದು. ಅದಕ್ಕೇ ನಾನು ಮಾಪಕಕ್ಕೆ ಉದ್ದನೆಯ ಗಟ್ಟಿ ನಳಿಗೆ ಜೋಡಿಸಿ, ಬಾನೆಟ್ಟಿನ ಹಿಂದಿನ ಸಂದಿಯಿಂದ ಹೊರಗೆಳೆದು, ಮುಂದಿನ ಗಾಜಿಗೆ ಟೇಪು ಹಚ್ಚಿ ಅಂಟಿಸುತ್ತೇನೆ. ಕಾರು ಓಡುವಾಗ ಮುಳ್ಳು ಕಣ್ಣೆದುರೇ ಇರಬೇಕು.

ದಿಂಡೋರಿ ರಸ್ತೆಯ ಏರಿಗೆ ಹೋದೆವು. ನಿಂತಾಗ ಮುಳ್ಳು ಮೂರರ ಮೇಲೆ ಅಲ್ಲಾಡದೆ ಕೂತಿತ್ತು. ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಪೂರ್ತಿ ಒತ್ತಿರಿ ಎಂದೆ. ನರಹರಿಯವರು ಒತ್ತಿದರು. ಮುಳ್ಳು ಎರಡೂವರೆಗೆ ಇಳಿಯಿತು, ಎರಡಕ್ಕೆ ಇಳಿಯಿತು, ಅದಕ್ಕೂ ಕೆಳಗೆ ಜಾರಿತು. ಕಾರು ಜಗ್ಗತೊಡಗಿತು. ನರಹರಿಯವರ ಮುಖ ಹಬ್ಬದಂತೆ ಅರಳಿತು. ಇಷ್ಟು ದಿನ ಯಾರೂ ತೋರಿಸದ ರೋಗವನ್ನು ಅವರು ಕಣ್ಣಾರೆ ಕಂಡಿದ್ದರು. ಹಿಂದಿನ ಸೀಟಿನಲ್ಲಿ ಗೋದಾವರಿಬಾಯಿ ದ್ರಾಕ್ಷಿ ತೋಟಗಳ ಕಡೆಗೆ ಮುಖ ತಿರುಗಿಸಿ ಕೂತಿದ್ದರು.

ಗ್ಯಾರೇಜಿಗೆ ಮರಳಿ ಕರೆಂಟು ಅಳೆದೆ. ಬ್ಯಾಟರಿಯ ಬಳಿ ಹದಿನಾಲ್ಕಕ್ಕೆ ತುಸು ಕಡಿಮೆ ವೋಲ್ಟು. ಪಂಪಿನ ಬಾಯಲ್ಲಿ ಹತ್ತೂ ಇಲ್ಲ. ಅಂದರೆ ಪಂಪು ನಿರಪರಾಧಿ, ಅದಕ್ಕೆ ಯಾರೋ ಹೊಟ್ಟೆಗೆ ಕಡಿಮೆ ಹಾಕುತ್ತಿದ್ದರು. ನಾಲ್ವರು ಮೂರ್ಖರಲ್ಲಿ ಒಬ್ಬನಾದರೂ ಮೀಟರು ಹಿಡಿದಿದ್ದರೆ ಐದು ನಿಮಿಷದ ಕೆಲಸ. ಸಿಕ್ಕಿತು ಸಾಹೇಬರೇ, ಇನ್ನು ತಂತಿಯ ಜಾಡು ಹಿಡಿಯುವುದೊಂದೇ ಬಾಕಿ ಎಂದೆ. ನರಹರಿಯವರು ಖುಷಿಯಲ್ಲಿ ತಾವೇ ಚಹಾ ಹೇಳಿ ಬರಲು ರಸ್ತೆಯಾಚೆ ಹೋದರು.

ಹಿಂದಿನ ಸೀಟು ಎತ್ತಿದೆ. ಕೆಳಗೆ, ಮನೆಯ ಕರೆಗಂಟೆಗೆ ಹಾಕುವಂಥ ಸಣ್ಣ ಎಳೆ ತಂತಿ. ಪಂಪಿಗೆ ಹೋಗುವ ದಪ್ಪ ತಂತಿಯನ್ನು ಕತ್ತರಿಸಿ ಇದನ್ನು ನಡುವೆ ಸೇರಿಸಿದ್ದರು. ಅದೂ ನೇರವಾಗಿಯಲ್ಲ; ಹಾಸಿನ ಕೆಳಗೆ ಮುಂದಕ್ಕೆ ಹೋಗಿ, ಸುತ್ತು ಹಾಕಿ, ಮತ್ತೆ ಹಿಂದಕ್ಕೆ ಬಂದಿತ್ತು. ಅಷ್ಟುದ್ದದ ಸಣ್ಣ ತಂತಿಯಲ್ಲಿ ಕರೆಂಟು ಸೋತು ಸುಣ್ಣವಾಗಿ ಪಂಪು ಮುಟ್ಟುತ್ತಿತ್ತು. ಯಾವ ಕತ್ತೆ ಮಾಡಿದ ಕೆಲಸ ಇದು ಎಂದು ಬೈಯುತ್ತ ಕತ್ತರಿ ತೆಗೆದುಕೊಂಡೆ.

“ಬಿಡ್ರಿ, ಕತ್ತರಿಸಬ್ಯಾಡ್ರಿ. ಅದನ್ನ ನಾನ ಹಾಕಿಸೇನಿ,” ಎಂದರು ಗೋದಾವರಿಬಾಯಿ.

ನಾನು ಕತ್ತರಿ ಹಿಡಿದುಕೊಂಡೇ ಅವರ ಮುಖ ನೋಡಿದೆ. ಅವರು ರಸ್ತೆಯ ಕಡೆ ಒಂದು ಕಣ್ಣಿಟ್ಟು ಅವಸರದಲ್ಲಿ ಹೇಳಿದರು. ಎರಡು ವರ್ಷದ ಕೆಳಗೆ ದೀಪಾವಳಿ ರಜೆಯಲ್ಲಿ ಮೂವರೂ ಬರುವಾಗ ವೈಜಾಪುರದ ಹತ್ತಿರ ಅಡ್ಡದಾರಿಯಿಂದ ಉಳ್ಳಾಗಡ್ಡಿ ಹೇರಿದ ಟ್ರ್ಯಾಕ್ಟರು ನುಗ್ಗಿತ್ತು. ಕಾರು ಗೇಣು ಅಂತರದಲ್ಲಿ ನಿಂತಿತ್ತು. ಮಗಳು ಇವರ ತೊಡೆಯ ಮೇಲೆ ಮಲಗಿದ್ದಳು. ನರಹರಿಯವರು ಬೆವರೊರೆಸಿಕೊಂಡು, ಏನೂ ಆಗಿಲ್ಲವೆಂದು ನಕ್ಕು, ಮತ್ತೆ ಅದೇ ವೇಗದಲ್ಲಿ ಹೊರಟರು. ನಿಧಾನ ಹೋಗಿರೆಂದು ಇವರು ಅತ್ತು ಕರೆದು ಹೇಳಿದರೂ ಹೂಂ ಎನ್ನುತ್ತಿದ್ದರೇ ಹೊರತು ಕೇಳುತ್ತಿರಲಿಲ್ಲ. ಕೊನೆಗೆ ಕಾರಿಗೆ ರೇಡಿಯೋ ಕೂರಿಸಲು ಬಂದ ಫಿಟ್ಟರನಿಗೆ ಇವರು ಗುಟ್ಟಾಗಿ ಕೇಳಿದರು. ಕಾರು ಕೆಡಬಾರದು, ಆದರೆ ಜೋರಾಗಿ ಓಡಬಾರದು, ಹಾಗೇನಾದರೂ ಇದೆಯಾ ಎಂದು. ಕಳ್ಳರ ಭಯಕ್ಕೆ ಪಂಪಿನ ತಂತಿಗೆ ಗುಪ್ತ ಸ್ವಿಚ್ಚು ಹಾಕಿ ರೂಢಿಯಿದ್ದ ಅವನಿಗೆ ಈ ಉಪಾಯ ಹೊಳೆದಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಆ ಎಳೆ ತಂತಿ ಬಿಸಿಯಾಗುತ್ತದೆ, ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕು, ಬೆಂಕಿ ಹತ್ತಿದ್ದರೆ ಏನು ಗತಿ ಎಂದು ಜೋರು ಮಾಡಿದೆ. ಅವರ ಮುಖ ಬಿಳಿಚಿತು. ಆದರೂ ಪಟ್ಟು ಬಿಡಲಿಲ್ಲ.

“ಬೆಂಕಿ ಹತ್ತಧಂಗ ಏನರ ಮಾಡ್ರಿ. ಕಾರ್ ಮಾತ್ರ ಹಿಂಗ ಇರ್ಲಿ. ತಡಾ ಆಗಿ ಬರ್ಲಿ ಅಣ್ಣಾ, ಬಂದ್ರ ಸಾಕು ನನಗ.”

ಆರಕ್ಕೆ ಮನೆ ಮುಟ್ಟಬೇಕೆಂದು ಅವರ ಗಂಡ ಏಕೆ ಹಂಬಲಿಸುತ್ತಾರೆಂದು ಹೇಳಲು ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ನರಹರಿಯವರು ಮೂರು ಲೋಟ ಚಹಾ ಹಿಡಿದು ರಸ್ತೆ ದಾಟುತ್ತಿದ್ದರು. ನಾನು ಸೀಟು ಕೆಳಗಿಳಿಸಿದೆ.

ಆಮೇಲೆ ನಾನು ಮಾಡಿದ ಕೆಲಸ ನನ್ನ ಕಸುಬಿನಲ್ಲಿ ಯಾವತ್ತೂ ಮಾಡಿರಲಿಲ್ಲ. ಎರಡು ತಾಸು ಬಿಟ್ಟು ಬನ್ನಿ ಎಂದು ಅವರನ್ನು ಕಳಿಸಿ, ಆ ತಂತಿಗೆ ಫ್ಯೂಸು ಹಾಕಿ, ಟ್ಯಾಂಕಿನಿಂದ ದೂರ ಸರಿಸಿ ಭದ್ರ ಮಾಡಿದೆ. ರೋಗವನ್ನು ರಿಪೇರಿ ಮಾಡಿ ಕೂರಿಸಿದೆ ಅನ್ನಿ. ನರಹರಿಯವರು ಬಂದಾಗ, ಒಳಗಿನ ಒಂದು ಭಾಗ ಸವೆದಿದೆ, ಆ ಮಾಡೆಲ್ಲಿನ ಸಾಮಾನು ಈಗ ಸಿಗುವುದಿಲ್ಲ, ಎಂಬತ್ತರೊಳಗೆ ಓಡಿಸಿದರೆ ಅಪಾಯವಿಲ್ಲ ಎಂದು ಹೇಳಿದೆ. ಅವರು ಗಾಜಿಗೆ ಇನ್ನೂ ಅಂಟಿಕೊಂಡಿದ್ದ ಮಾಪಕವನ್ನು ನೋಡಿದರು.

“ನೀವು ಅಳದು ನೋಡಿ ಹೇಳಿದ್ಮ್ಯಾಲ ಮುಗೀತು ಬಿಡ್ರಿ,” ಎಂದರು.

ಬೇರೆ ಯಾವ ಮೆಕ್ಯಾನಿಕ್ಕಿನ ಹತ್ತಿರವೂ ಅವರು ಮತ್ತೆ ಹೋಗಲಿಲ್ಲ. ಆರು ತಿಂಗಳಿಗೊಮ್ಮೆ ಎಣ್ಣೆ ಬದಲಿಸಲು ನನ್ನಲ್ಲಿಗೆ ಬರುತ್ತಿದ್ದರು. ಹೊರಡುವಾಗ ಪ್ರತಿ ಸಲವೂ, ಆ ಸಾಮಾನು ಎಲ್ಲಾದರೂ ಸಿಕ್ಕಿತೇನು ಎಂದು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಗಂಡ ಹೆಂಡಿರ ನಡುವೆ ನಾನ್ಯಾರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಧೈರ್ಯವಿರಲಿಲ್ಲ.

೨೦೧೨ರ ನವೆಂಬರಿನಲ್ಲಿ, ಒಂದು ಗುರುವಾರ, ನರಹರಿಯವರು ಔರಂಗಾಬಾದಿನ ಬ್ಯಾಂಕಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ರಸ್ತೆ ಅವರಿಗೆ ಏನೂ ಮಾಡಲಿಲ್ಲ. ಕಾರು ಬಾಡಿಗೆ ಕೋಣೆಯ ಅಂಗಳದಲ್ಲೇ ನಿಂತಿತ್ತು.

ಮೂರು ತಿಂಗಳ ಮೇಲೆ ಗೋದಾವರಿಬಾಯಿ ಫೋನು ಮಾಡಿದರು. ಕಾರನ್ನು ನಾಸಿಕಕ್ಕೆ ತರಬೇಕಿತ್ತು, ನಾನೇ ತರಬೇಕೆಂದರು. ಆ ತಂತಿ ತೆಗೆದುಬಿಡಿ ಎಂದರು. ಆಮೇಲೆ, ಶನಿವಾರ ಮೂರಕ್ಕೆ ಅಲ್ಲಿಂದ ಹೊರಡಲು ಆಗುತ್ತದೆಯೇ ಎಂದು ಕೇಳಿದರು. ಆಗಲಿ ಎಂದೆ.

ಬೆಳಗಿನ ಬಸ್ಸಿಗೆ ಹೋದೆ. ಕಾರಿನ ಮೇಲೆ ಬೇವಿನ ಎಲೆಯ ರಾಶಿ. ಒಳಗೆ ಹೋಳಿಗೆ ಕಟ್ಟಿಕೊಡುವಂಥ ಒಂದು ಖಾಲಿ ಡಬ್ಬಿ, ಒಂದು ಪೆನ್ನು. ಸೀಟು ಎತ್ತಿ ಎಳೆ ತಂತಿಯನ್ನು ಕತ್ತರಿಸಿ ತೆಗೆದೆ, ದಪ್ಪ ತಂತಿ ಜೋಡಿಸಿದೆ, ಹೊಸ ಬ್ಯಾಟರಿ ಕೂರಿಸಿದೆ. ಹಳೇ ಅಭ್ಯಾಸ, ಮಾಪಕವನ್ನೂ ಗಾಜಿಗೆ ಅಂಟಿಸಿದೆ. ಮೂರಕ್ಕೆ ಸರಿಯಾಗಿ ಹೊರಟೆ.

ಊರು ದಾಟಿ ಕಾಲು ಒತ್ತಿದಾಗ ಕಾರು ಹಗುರಾಗಿ ಮುಂದೆ ಸರಿಯಿತು. ಮುಳ್ಳು ಮೂರು ಬಿಟ್ಟು ಅಲ್ಲಾಡಲಿಲ್ಲ. ವೈಜಾಪುರದ ಅಡ್ಡದಾರಿಯಲ್ಲಿ ಉಳ್ಳಾಗಡ್ಡಿ ಟ್ರ್ಯಾಕ್ಟರುಗಳಿಗೆ ನಿಂತು ದಾರಿ ಕೊಟ್ಟೆ. ಬಯಲು ರಸ್ತೆ ಸಿಕ್ಕಲ್ಲಿ ಮಾತ್ರ ತೊಂಬತ್ತು, ತೊಂಬತ್ತೈದು. ಅದಕ್ಕಿಂತ ಹೆಚ್ಚು ಬೇಕಾಗಲೇ ಇಲ್ಲ. ರೇಸ್ ಹೊಡೆಯಬೇಕಾಗಿಲ್ಲ ಎಂದು ಅವರು ಹೇಳಿದ್ದು ನಿಜವಾಗಿತ್ತು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಯೇವಲಾ ದಾಟಿದ ಮೇಲೆ ಎರಡು ಸಲ ಕಣ್ಣು ಒರೆಸಿಕೊಂಡೆ. ಆ ಮನುಷ್ಯನನ್ನು ಒಂದೇ ಒಂದು ಶನಿವಾರ ಹೀಗೆ ಕಳಿಸಬಹುದಿತ್ತು. ನನ್ನ ಕೈಯಲ್ಲಿತ್ತು.

ಗಂಗಾಪುರ ರಸ್ತೆಯ ಅವರ ಮನೆಯ ಗೇಟಿನ ಮುಂದೆ ನಿಂತಾಗ ಆರೂ ಐದು. ಬಿಸಿಲು ಇನ್ನೂ ಇತ್ತು. ತಲೆ ಎತ್ತಿ ನೋಡಿದೆ. ಗೋದಾವರಿಬಾಯಿ ಬಾಲ್ಕನಿಯಲ್ಲಿ ನಿಂತಿದ್ದರು.

ಅವರು ಕೆಳಗಿಳಿದು ಬಂದು ಕಾರಿನ ಬಾಗಿಲ ಮೇಲೆ ಕೈಯಿಟ್ಟರು. ಕೈಗಡಿಯಾರ ನೋಡಿಕೊಂಡರು.

“ಅವರಿಗೆ ಎದಕ್ಕ ಅಷ್ಟು ಅವಸರ ಇತ್ತು ಅಣ್ಣಾ? ನಿಮ್ಮ ಮುಂದ ಏನರ ಅಂದಿದ್ರೇನು?”

ಈ ಸಲ ನಾನು ಸುಳ್ಳು ಹೇಳಲಿಲ್ಲ.

“ಅಂದಿದ್ರು ವೈನಿ. ಆರಕ್ಕ ಬಂದ್ರ ನೀವು ಬಾಲ್ಕನ್ಯಾಗ ನಿಂತಿರ್ತೀರಿ ಅಂತ.”

ಅವರು ತಿರುಗಿ ತಮ್ಮ ಬಾಲ್ಕನಿಯನ್ನು ಬಹಳ ಹೊತ್ತು ನೋಡಿದರು. ನಾನು ಎಂಜಿನ್ ನಿಲ್ಲಿಸಲು ಕೀಲಿಗೆ ಕೈ ಹಾಕಿದೆ.

“ಬಂದ್ ಮಾಡಬ್ಯಾಡ್ರಿ,” ಎಂದರು. “ಏಳೂವರಿ ತನಕಾ ಇರ್ಲಿ. ಅಷ್ಟು ಹೊತ್ತು ವಾರಾ ವಾರಾ ನಾನ ಕಳದೇನಿ.”