ಮೋಟಾರು ಬಿಚ್ಚಿದ ಅತ್ತೆ-ಸೊಸೆ

ರಂಗಂಪೇಟೆಯ ನಮ್ಮ ಮನೆಯಲ್ಲಿ ಒಂದು ಸಾಮಾನು ಕೆಟ್ಟರೆ ಉಳಿದವೂ ಅದರ ಹಿಂದೆ ಸಾಲುಗಟ್ಟುತ್ತವೆ. ಆ ಬೇಸಿಗೆಯಲ್ಲಿ ಮೊದಲು ಬಚ್ಚಲಿನ ನಳ ಸೋರತೊಡಗಿತು. ಎರಡೇ ದಿನಕ್ಕೆ ಅಡುಗೆಮನೆ ಬಾಗಿಲಿನ ಚಿಲಕ ಕಳಚಿ ಕೈಗೇ ಬಂತು. ನಾನು ಶಹಾಪುರದ ಶಾಲೆಯೊಂದರಲ್ಲಿ ಟೀಚರು. ಬೆಳಿಗ್ಗೆ ಬಸ್ಸು ಹಿಡಿದರೆ ಮತ್ತೆ ಮನೆ ಕಾಣುವುದು ಸಂಜೆಗೆ. ಗಂಡನ ಕೆಲಸ ಯಾದಗಿರಿಯಲ್ಲಿ, ಅವರು ಬರುವುದು ಶನಿವಾರ. ಹಗಲೆಲ್ಲ ಮನೆಯಲ್ಲಿ ಅತ್ತೆಯೊಬ್ಬರೇ. ರಿಪೇರಿಯವನಿಗೆ ಫೋನು ಮಾಡಿದಾಗಲೆಲ್ಲ, "ಈಗ ಬಂದೆ ನೋಡ್ರಿ ಅಕ್ಕೋರ" ಎನ್ನುತ್ತಿದ್ದ. ನಾಲ್ಕು ದಿನವಾದರೂ ಆ "ಈಗ" ಬರಲಿಲ್ಲ.

ಐದನೆಯ ದಿನ ನಾನೇ ನಳ ಬಿಚ್ಚಿದೆ. ಮೊದಲು ನೀರಿನ ವಾಲ್ವ್ ಬಂದ್ ಮಾಡಬೇಕೆಂಬುದು ಹೊಳೆಯದೆ ಅಡಿಯಿಂದ ಮುಡಿಯವರೆಗೆ ತೊಯ್ದುಹೋದೆ. ಆದರೆ ಒಳಗಿನ ಸವೆದ ವಾಷರನ್ನು ಹಾರ್ಡ್‌ವೇರ್ ಅಂಗಡಿಗೆ ಒಯ್ದು, ಅದೇ ಅಳತೆಯದನ್ನು ತಂದು ಕೂರಿಸಿದಾಗ ಸೋರುವುದು ನಿಂತೇಹೋಯಿತು. ಒಂದು ಹನಿಯೂ ಬೀಳದ ಆ ನಳದ ಮುಂದೆ ಐದು ನಿಮಿಷ ಸುಮ್ಮನೆ ನಿಂತು ನೋಡಿದೆ.

ಅಂದಿನಿಂದ ನನ್ನ ಕೈ ಸುಮ್ಮನಿರಲಿಲ್ಲ. ಭಾನುವಾರ ಬಂತೆಂದರೆ ಚಿಲಕದ ಸ್ಕ್ರೂ ಬಿಗಿ ಮಾಡು, ಕೀಲಿಗೆ ಎಣ್ಣೆ ಬಿಡು, ಮಾಳಿಗೆಯ ನೀರು ಹೋಗುವ ತೂತಿನ ಕಸ ತೆಗೆ ಎಂದು ಮನೆಯೆಲ್ಲ ಸುತ್ತುತ್ತಿದ್ದೆ. ಅತ್ತೆ ಹಿಂದೆಯೇ ಬರುತ್ತಿದ್ದರು. ಏನನ್ನೂ ಮುಟ್ಟುತ್ತಿರಲಿಲ್ಲ, ಬರೀ ಹೇಳುತ್ತಿದ್ದರು.

"ಈ ಪಂಖಾ ಅಳಾಕತ್ತದ ನೋಡು. ಇನ್ನ ಭಾಳ ದಿನಾ ಬರೂದಿಲ್ಲ."

ಅವರು ಹೇಳಿದ ವಾರದೊಳಗೆ ಪಂಖಾ ತಿರುಗುವುದು ನಿಂತಿತು.

ಶಾಲೆಗೆ ರಜೆ ಸಿಕ್ಕಾಗ ಮನೆಗೆ ಬೀಗ ಹಾಕಿ, ಅತ್ತೆಯನ್ನೂ ಕರೆದುಕೊಂಡು ಬೋನಾಳದ ನನ್ನ ತವರಿಗೆ ಹೋದೆ. ಎರಡು ವಾರ ಇದ್ದು ಬಂದೆವು. ಬಂದ ಮರುದಿನವೇ ನಮ್ಮ ಮನೆಯಲ್ಲಿ ನಾದಿನಿಯ ಕುಬಸ. ಬಸುರಿಗೆ ಹಸಿರು ಬಳೆ ತೊಡಿಸಲು ಎರಡೂ ಕಡೆಯ ಹೆಂಗಸರು ಬರುವವರಿದ್ದರು. ನಮ್ಮ ಪುಣ್ಯಕ್ಕೆ ನಾವು ಊರಿಂದ ಬಂದ ಬೆಳಿಗ್ಗೆಯೇ ನಳಕ್ಕೆ ನೀರು ಬಂದು ನೆಲದ ಟಾಕಿ ತುಂಬಿತ್ತು. ಮೇಲಿನ ಟಾಕಿಯಲ್ಲಿ ಮಾತ್ರ ಒಂದು ಕೊಡ ನೀರೂ ಇರಲಿಲ್ಲ. ನೀರೇರಿಸಲು ಮೋಟಾರಿನ ಸ್ವಿಚ್ ಒತ್ತಿದೆ. ಅದು ಗುಂಯ್ ಎಂದಿತೇ ಹೊರತು ತಿರುಗಲಿಲ್ಲ.

ಅತ್ತೆ ಒಳಗಿನಿಂದ ಓಡಿ ಬಂದರು. "ಬಂದ್ ಮಾಡು ಯವ್ವಾ, ಬಂದ್ ಮಾಡು! ಎರಡ ವಾರ ನಿಂತು ಒಳಗ ಹಿಡಕೊಂಡದ ಅದು. ಹಂಗ ಬಿಟ್ರ ಸುಟ್ಟ ಹೋಗ್ತದ."

"ನಿಮಗ ಹ್ಯಾಂಗ ಗೊತ್ತಾತ್ರಿ ಅತ್ತಿ?"

"ಸಪ್ಪಳ ಕೇಳಿದ್ರ ಗೊತ್ತಾಗೂದಿಲ್ಲೇನು?"

ರಿಪೇರಿಯವನಿಗೆ ಫೋನು ಮಾಡಿದೆ. ಹಿಂದೆ ಬಾಜಾಬಜಂತ್ರಿಯ ಗದ್ದಲ. "ಕಕ್ಕೇರಾದಾಗ ಮದವಿಗೆ ಬಂದೇನ್ರಿ ಅಕ್ಕೋರ. ನಾಳಿ ಸಂಜೀಕ ಬರ್ತೀನ್ರಿ."

ಅತ್ತೆ ನನ್ನ ಕೈಯಿಂದ ಫೋನು ಕಸಿದುಕೊಂಡರು. "ನೀ ಬರಬ್ಯಾಡಪ್ಪಾ. ಬಿಚ್ಚೂದು ಹ್ಯಾಂಗಂತ ಹೇಳು, ಅಷ್ಟ ಸಾಕು."

ಅವನು ಗದ್ದಲದಿಂದ ಆಚೆ ಸರಿದ. ಆಮೇಲೆ ಹೇಳಿದ, "ಮೊದಲ ಮೇನ್ ಬಂದ್ ಮಾಡ್ರಿ ಅಮ್ಮಾರ. ಮೋಟರಿನ ಹಿಂದಿನ ಮುಚ್ಚಳಾ ಬಿಚ್ಚಿದ್ರ ಸಣ್ಣ ಪಂಖಾ ಅದ. ಅದನ್ನ ಕೈಲೆ ತಿರುಗಸ್ರಿ. ಸಡ್ಲಾದ್ರ ಚಾಲೂ ಆಗ್ತದ."

ಮೇನ್ ಬಂದ್ ಮಾಡಿ ಮುಚ್ಚಳ ಬಿಚ್ಚಿದೆ. ಒಳಗಿನ ಪುಟ್ಟ ಪಂಖಾ ಕಲ್ಲಿನಂತೆ ಕೂತಿತ್ತು. ಎಣ್ಣೆ ಬಿಟ್ಟೆ, ಒತ್ತಿದೆ, ಎಳೆದೆ. ಅಂಗೈ ಕೆಂಪಾಯಿತೇ ವಿನಾ ಅದು ಕದಲಲಿಲ್ಲ.

"ಸರಿ ಈಕಡಿ," ಎಂದು ಅತ್ತೆ ಸೆರಗು ಸಿಕ್ಕಿಸಿ ಫರಸಿಕಲ್ಲಿನ ನೆಲದ ಮೇಲೆ ಕುಳಿತರು. ಪಂಖಾಕ್ಕೆ ಬೆರಳು ಕೊಟ್ಟು, ಅದರ ಮೇಲಿನ ಕಣ್ಣು ತೆಗೆಯದೆ ಹೇಳಿದರು: "ನಮ್ಮಪ್ಪಂದು ಹಿಟ್ಟಿನ ಗಿರಣಿ ಇತ್ತು. ಬೆಲ್ಟ್ ಜಾರಿದ್ರ, ಕಲ್ಲ ಸವದ್ರ, ನಾ ಹೊರಗ ಕುಂತು ಸಪ್ಪಳದ ಮ್ಯಾಲ ಹೇಳತಿದ್ನಿ. ಖರೇನ ಇರತಿತ್ತು. ಆದ್ರ ಹೆಣ್ಣಹುಡುಗಿ ಅಂತ ಒಂದ ದಿನಾನೂ ಮುಟ್ಟಾಕ ಬಿಡಲಿಲ್ಲ."

ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದರೂ ಈ ಮಾತನ್ನು ನಾನು ಕೇಳಿರಲಿಲ್ಲ.

ಅವರು ನನ್ನಂತೆ ಒಂದೇ ಕಡೆಗೆ ದಬ್ಬಲಿಲ್ಲ. ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ, ತೊಟ್ಟಿಲು ತೂಗುವ ಹಾಗೆ ಆಡಿಸುತ್ತಾ ಹೋದರು. "ಜಬರ್ದಸ್ತಿ ಮಾಡಬಾರ್ದು. ತಾನ ಬರ್ತದ." ಬಹಳ ಹೊತ್ತಿನ ಮೇಲೆ ಒಳಗೆಲ್ಲೋ ಕಿರ್ರ್ ಎಂದಿತು. ಕಾಲು ಸುತ್ತು. ಅರ್ಧ ಸುತ್ತು. ಆಮೇಲೆ ಪೂರ್ತಿ!

"ತಿರುಗ್ತ್ರಿ ಅತ್ತಿ, ತಿರುಗ್ತು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

"ಒದರಬ್ಯಾಡ, ತಡಿ," ಎಂದು ಅವರು ಕಿವಿ ಹತ್ತಿರ ತಂದು ಮತ್ತೆ ಹತ್ತು ಸಲ ತಿರುಗಿಸಿ ಕೇಳಿದರು. ಆಮೇಲೆ ತಲೆಯಾಡಿಸಿದರು.

ಮುಚ್ಚಳ ಹಾಕಿ ಮೇನ್ ಎತ್ತಿದೆ. "ಸ್ವಿಚ್ ನೀವ ಹಾಕ್ರಿ," ಎಂದೆ. ಅವರು ಕೈ ಒರೆಸಿಕೊಂಡು ಒತ್ತಿದರು. ಮೋಟಾರು ಒಮ್ಮೆ ಗುಂಯ್ ಎಂದು, ಮರುಕ್ಷಣವೇ ಝರ್ರನೆ ಎದ್ದಿತು. ನಾನು ಎರಡೆರಡು ಮೆಟ್ಟಿಲು ಹಾರುತ್ತಾ ಮಾಳಿಗೆಗೆ ಓಡಿದೆ. ಪೈಪು ಮೊದಲು ಗಾಳಿ ಉಗುಳಿತು, ಆಮೇಲೆ ತುಕ್ಕಿನ ಕೆಂಪು ನೀರು, ಅದರ ಹಿಂದೆಯೇ ದಪ್ಪನೆಯ ತಿಳಿ ಧಾರೆ. "ಬಂತು!" ಎಂದು ಕೂಗಿ ತಿರುಗಿದರೆ ಅತ್ತೆ ಹಿಂದೆಯೇ ನಿಂತಿದ್ದರು. ಮಂಡಿನೋವೆಂದು ಎರಡು ವರ್ಷದಿಂದ ಮಾಳಿಗೆ ಹತ್ತದವರು ಏದುಸಿರು ಬಿಡುತ್ತಾ ಧಾರೆಗೆ ಕೈಯೊಡ್ಡಿದರು. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಮೋಟಾರು ಬಂದ್ ಮಾಡುವುದು ಇಬ್ಬರಿಗೂ ನೆನಪಾಗಲಿಲ್ಲ. ಟಾಕಿ ಉಕ್ಕಿ, ಬೀಗರಿಗೆಂದು ಒಗೆದು ಒಣಹಾಕಿದ್ದ ಚಾದರಗಳೆಲ್ಲ ಮತ್ತೆ ತೊಯ್ದವು.

ಮರುದಿನ ಕುಬಸಕ್ಕೆ ಬಂದ ಹೆಂಗಸರಿಗೆಲ್ಲ ಅತ್ತೆ ತಮ್ಮ ಉಗುರಿನ ಕಪ್ಪು ತೋರಿಸಿದರು. "ತೊಳದ್ರೂ ಹೋಗವಲ್ದು ನೋಡ್ರಿ, ಮೋಟರ್ ಬಿಚ್ಚೇನಿ." ಅವರು ಬೇಕೆಂದೇ ಸೋಪು ಮುಟ್ಟಿರಲಿಲ್ಲವೆಂಬುದು ನನಗೊಬ್ಬಳಿಗೇ ಗೊತ್ತಿತ್ತು.

ರಜೆ ಮುಗಿದ ವಾರವೇ ಮಿಕ್ಸರ್ ಕೆಟ್ಟಿತು. ಸಂಜೆ ಶಹಾಪುರದಿಂದ ಮನೆಗೆ ಬಂದರೆ, ಅತ್ತೆ ಪಡಸಾಲೆಯಲ್ಲಿ ಪೇಪರ್ ಹಾಸಿ ಅದನ್ನು ಬೋರಲು ಮಲಗಿಸಿದ್ದರು. ಪ್ಲಗ್ ಕಿತ್ತು, ವೈರನ್ನು ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದರು.

"ನಾಕು ಸ್ಕ್ರೂ ತಗದೇನಿ, ಐದನೇದು ಕಾಣವಲ್ದು," ಎಂದರು. "ಚಾ ಆಮ್ಯಾಲ ಕುಡಿಯೂಣು. ಬಾ, ಮೊದಲ ಇದನ್ನ ನೋಡು."

ಚಪ್ಪಲಿ ಬಿಟ್ಟವಳೇ ಹೋಗಿ ಅವರೆದುರು ಕುಳಿತೆ.