ನಿಂಬೆರಸಕ್ಕೆ ನೊರೆ ಬಾರದ ಕಲ್ಲು

ಧಾರವಾಡದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಮುಗಿಸಿದ್ದ ಅವ್ವ, ಅಬುಧಾಬಿಗೆ ಬಂದ ಮೇಲೆ ವರ್ಷಗಟ್ಟಲೆ ರೊಟ್ಟಿ ಬಡಿಯುತ್ತ ಮನೆಯಲ್ಲೇ ಇದ್ದಳು. ತೊಂಬತ್ತರ ದಶಕದ ಕೊನೆಗೆ ಬನಿಯಾಸ್ ಹತ್ತಿರದ ನನ್ನ ಶಾಲೆಗೇ ವಿಜ್ಞಾನದ ಟೀಚರ್ ಬೇಕಾಯಿತು. ಮೊದಲು ಡೆಮೊ ಕ್ಲಾಸ್, ಅದೂ ನನ್ನ ಕ್ಲಾಸಿಗೇ! ಮೆಚ್ಚಿದರೆ ಕೆಲಸ, ಇಲ್ಲವಾದರೆ ಮತ್ತೆ ಅದೇ ಅಡುಗೆಮನೆ. ನಾನು ನಾಚಿಕೆಯಿಂದ ಕೊನೆಯ ಬೆಂಚಿಗೆ ಸರಿದೆ.

ಪಾಠ ರೂಪಾಂತರ ಶಿಲೆಗಳದ್ದು. ಅವ್ವ ಡಬ್ಬಿಯಿಂದ ಅವಲಕ್ಕಿ ಕಲಸಿದ ಹಿಟ್ಟಿನ ಉಂಡೆ ತೆಗೆದಾಗ ಹುಡುಗರು ಕಿಸಕ್ಕೆಂದರು. ಅವಳು ಕ್ಯಾರೇ ಅನ್ನಲಿಲ್ಲ. ಅಡ್ಡಾದಿಡ್ಡಿ ಚುಚ್ಚಿಕೊಂಡಿದ್ದ ಅವಲಕ್ಕಿ, ಅಂಗೈಯಿಂದ ಒತ್ತಿದಂತೆಲ್ಲ ಮಲಗಿ ಪದರವಾಯಿತು. ನೆಲದಾಳದ ಒತ್ತಡಕ್ಕೆ, ಶಾಖಕ್ಕೆ ಕಲ್ಲು ಕರಗದೆಯೇ ಹೀಗೆ ಬದಲಾಗುತ್ತದೆ, ಜೇಡಿಕಲ್ಲು ಸ್ಲೇಟಾಗುತ್ತದೆ, ಇನ್ನೂ ಬೆಂದರೆ ಮಿನುಗುವ ಶಿಸ್ಟ್, ಆಮೇಲೆ ಪಟ್ಟೆಪಟ್ಟೆಯ ನೈಸ್ ಶಿಲೆ ಎಂದಳು. ಪದರವಿಲ್ಲದವು ಬೇರೆ ಗುಂಪು: ಸುಣ್ಣಕಲ್ಲಿನಿಂದ ಅಮೃತಶಿಲೆ, ಮರಳುಗಲ್ಲಿನಿಂದ ಕ್ವಾರ್ಟ್‌ಜೈಟ್.

ಅಪ್ಪ ಕಟ್ಟಡದ ಸೈಟಿನಿಂದ ತಂದುಕೊಟ್ಟಿದ್ದ ಬಿಳಿ ಕಲ್ಲನ್ನು ಎತ್ತಿ, ಇದು ಅಮೃತಶಿಲೆ, ನಿಂಬೆರಸಕ್ಕೆ ನೊರೆ ಬರುತ್ತದೆ ನೋಡಿ ಎಂದು ಹಿಂಡಿದಳು. ನೊರೆ ಬರಲಿಲ್ಲ. ನಮ್ಮ ಗಲ್ಫಿನ ಮಂದಿ ಹೊಳೆಯುವ ಬಿಳಿ ಕಲ್ಲಿಗೆಲ್ಲ ಮಾರ್ಬಲ್ ಅನ್ನುವವರೇ. ಅಪ್ಪನೂ ಹಾಗೇ ತಂದಿದ್ದ. ನನ್ನ ಬೆಂಚಿನ ಹಿಂದೆಯೇ ಮಂಗಳೂರು ಕಡೆಯ ಪ್ರಿನ್ಸಿಪಾಲ್ ಮೇಡಂ ಕೂತು ನೋಡುತ್ತಿದ್ದರು.

ಅವ್ವ ಆ ಕಲ್ಲಿನ ಮೂಲೆಯಿಂದ ಗಾಜಿನ ಬಾಟಲಿ ಗೀಚಿದಳು. ಗಾಜಿನ ಮೇಲೆ ಗೆರೆ ಮೂಡಿತು.

"ಸಾರಿ ಚಿಲ್ಡ್ರನ್, ಐ ವಾಸ್ ರಾಂಗ್. ಮಾರ್ಬಲ್ ಗಾಜನ್ನು ಗೀಚಲಾರದು. ದಿಸ್ ಈಸ್ ಕ್ವಾರ್ಟ್‌ಜೈಟ್."

ಆಮೇಲೆ ಯಾರನ್ನೂ ಕೇಳದೆ ಕಿಟಕಿಯ ಕಟ್ಟೆಯನ್ನು ಅದೇ ಕಲ್ಲಿನಿಂದ ಗೀಚಿ, ಉಳಿದ ನಿಂಬೆಯನ್ನು ಅಲ್ಲಿ ಹಿಂಡಿದಳು. ಸಣ್ಣಗೆ ಗುಳ್ಳೆಗಳೆದ್ದವು; ನಿಜವಾದ ಅಮೃತಶಿಲೆ ಆ ಕಟ್ಟೆಯದಾಗಿತ್ತು. ಇಡೀ ಕ್ಲಾಸು ಎದ್ದು ಕಿಟಕಿಗೆ ಮುತ್ತಿಕೊಂಡಿತು. ನಾನೂ ನಾಚಿಕೆ ಮರೆತು ಓಡಿದೆ. ಎಂಥ ಹೆಮ್ಮೆ ಅನಿಸಿತು ನನಗೆ!

ಕ್ಲಾಸ್ ಮುಗಿದ ಮೇಲೆ ಮೇಡಂ ಅವ್ವನನ್ನು ಕಿಟಕಿಯ ಬಳಿ ಕರೆದರು. ನಾನೂ ಹಿಂದೆಯೇ ಹೋದೆ.

"ಅಲ್ಲ ಮಾರಾಯ್ರೆ, ಏನಾದ್ರೂ ಹೇಳಿ ಮುಂದೆ ಹೋಗ್ಬಹುದಿತ್ತಲ್ಲ? ನಮಗೆ ಎಂತ ಗೊತ್ತಾಗ್ತಿತ್ತು?"

"ನನಗ ಗೊತ್ತಿತ್ತಲ್ರೀ. ಓದಿದ್ದು ಅಷ್ಟು ಮರ್ತಿಲ್ಲ ನಾ."

ಮೇಡಂ ಗೀಚಿದ ಕಟ್ಟೆಯ ಕಡೆ ನೋಡಿ ನಕ್ಕರು. "ಶನಿವಾರದಿಂದ ಬನ್ನಿ."

ಅವ್ವ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಅಂಗೈ ಬೆವರಿನಿಂದ ಒದ್ದೆಯಾಗಿತ್ತು. ಅಷ್ಟು ಹೊತ್ತೂ ಅವಳು ಹೆದರಿಕೊಂಡೇ ಪಾಠ ಮಾಡಿದ್ದಳೆಂದು ನನಗೆ ತಿಳಿದದ್ದು ಆಗಲೇ.