ಐದು ಸಂಖ್ಯೆ, ಒಂದು ಓರೆಗೆರೆ

ಮೊಳೆ ಮಾಮ ಎಂದರೆ ಗೋಡೆಗೆ ಮೊಳೆ ಹೊಡೆಯುವವರಲ್ಲ. ನಲವತ್ತು ವರ್ಷ ಒಂದೇ ಪ್ರೆಸ್ಸಿನಲ್ಲಿ ನಿಂತು, ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಜೋಡಿಸಿದವರು. ಮದುವೆಯ ಕಾಗದ, ಚುನಾವಣೆಯ ಕರಪತ್ರ, ಸತ್ತವರ ಸುದ್ದಿ, ಎಲ್ಲವೂ ಅವರ ಬೆರಳು ದಾಟಿಯೇ ಊರಿಗೆ ಹೋಗಬೇಕಿತ್ತು. ಅಚ್ಚುಮೊಳೆಯ ಮೇಲೆ ಅಕ್ಷರ ತಿರುಗಾಮುರುಗಾ ಇರುತ್ತದೆ. ಅದನ್ನೇ ಓದಿ ಓದಿ ಮಾಮನಿಗೆ ತಲೆಕೆಳಗಾದ ಬರಹವೂ ನೇರ ಬರಹದಷ್ಟೇ ಸಲೀಸು. ಎದುರಿಗೆ ಕೂತವರ ಕಾಗದವನ್ನು ಅವರಿಗಿಂತ ಮೊದಲೇ ಓದಿ ಮುಗಿಸುವ ಚಾಳಿಗೆ ಹೆಂಡತಿಯಿಂದ ಬೈಸಿಕೊಂಡದ್ದೂ ಉಂಟು.

ಬೈಯುತ್ತಿದ್ದವಳು ಹೋಗಿ ಎರಡು ವರ್ಷ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದ ಗಟ್ಟಿ ಹೆಂಗಸು. ಒಂದು ಬೆಳಿಗ್ಗೆ ಲಕ್ವ ಹೊಡೆದು ಬಲಗೈಯೂ ಮಾತೂ ಒಟ್ಟಿಗೇ ನಿಂತುಹೋದವು. ಆಸ್ಪತ್ರೆಯಲ್ಲಿ ಎಡಗೈಗೆ ಪೆನ್ಸಿಲ್ ತೆಗೆದುಕೊಂಡು, ಔಷಧಿ ಚೀಟಿಯ ಹಿಂಬದಿಯಲ್ಲಿ ಅರ್ಧ ಗಂಟೆ ಒದ್ದಾಡಿ ಬರೆದಳು. 29, 17, 24, 38, 15. ಕೆಳಗೆ ಒಂದು ಓರೆಗೆರೆ, ಗೆರೆಯ ತಗ್ಗಿನ ತುದಿಗೊಂದು ಚುಕ್ಕೆ. ಮಾಮ ಕಣ್ಣು ಕಣ್ಣು ಬಿಟ್ಟರು. ಅವಳು ಚೀಟಿಗೆ ಬೆರಳು ಬಡಿದಳು, ಮಾಮನ ಎದೆಗೆ ಬಡಿದಳು, ಮತ್ತೆ ಚೀಟಿಗೆ ಬಡಿದಳು. ಅವಳ ಕಣ್ಣಲ್ಲಿ ಸಿಟ್ಟಿನ ನೀರು. ಅದನ್ನು ನೋಡಲಾರದೆ ಮಾಮ, “ಗೊತ್ತಾಯ್ತು ಕಣೇ, ಗೊತ್ತಾಯ್ತು. ಹಾಗೇ ಮಾಡ್ತೀನಿ,” ಅಂದುಬಿಟ್ಟರು. ಅವಳು ನಿರಾಳವಾಗಿ ದಿಂಬಿಗೆ ತಲೆಯಿಟ್ಟಳು. ನಾಲ್ಕನೆಯ ದಿನ ತೀರಿಕೊಂಡಳು.

ಗೊತ್ತಾಗಿದ್ದು ಮಾತ್ರ ಮಣ್ಣು. ಸಾಯುವವಳಿಗೆ ಮಾತು ಕೊಟ್ಟಿದ್ದಾರೆ, ಏನು ಮಾತು ಎಂದು ತಮಗೇ ತಿಳಿಯದು. ಆ ಸುಳ್ಳು ಮಾಮನ ಗಂಟಲಲ್ಲಿ ಮುಳ್ಳಾಗಿ ಕೂತಿತು. ಚೀಟಿಯ ಒಳಗುಟ್ಟು ಒಡೆಯದೆ ತಾವು ಸಾಯುವಂತಿಲ್ಲ ಎಂದು ತೀರ್ಮಾನಿಸಿದರು.

ಮೇಲಿನ ಮಹಡಿಯಲ್ಲಿ ಸಂಸಾರ ಮಾಡಿಕೊಂಡಿದ್ದ ಮಗಳು ಮೊದಲ ವಾರವೇ ಹೇಳಿದ್ದಳು: “ಅಪ್ಪಾ, ಅಮ್ಮ ಬರೆದಿದ್ದು ಯಾವುದೋ ಅಳತೆ ಇರ್ಬೇಕು.”

ಮಾಮ ಹೆಂಡತಿಯ ಅಳತೆ ಪುಸ್ತಕ ತೆಗೆದು ಕೊನೆಯ ಪುಟದವರೆಗೂ ನೋಡಿದರು. ಅಲ್ಲಿ ಪ್ರತಿ ಮಗುವಿಗೂ ಹೆಸರು, ತರಗತಿ, ಉದ್ದ, ಎದೆ, ತೋಳು ಎಂದು ಬಿಡಿಬಿಡಿಯಾಗಿ ಬರೆದಿತ್ತು. ಮೂವತ್ತೆಂಟು ಇಂಚು ಎದೆಯ ಮಗು ಯಾವ ಶಾಲೆಯಲ್ಲಿದೆ? “ಅಳತೆ ಅಲ್ಲವೇ ಅಲ್ಲ,” ಎಂದು ಪುಸ್ತಕ ಮುಚ್ಚಿದರು. ಮನೆಯಲ್ಲಿ ಅಷ್ಟು ಇಂಚಿನವರು ಒಬ್ಬರಿದ್ದಾರೆ ಎಂಬುದು ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಇಷ್ಟು ವರ್ಷ ಅವರ ಅಂಗಿಗಳನ್ನು ಅವಳೇ ಹೊಲಿದಿದ್ದರೂ ಒಂದು ದಿನವೂ ಟೇಪು ಹಿಡಿದು ಅವರನ್ನು ಅಳೆದವಳಲ್ಲ, ಎಲ್ಲ ಕಣ್ಣಳತೆ.

ಅಲ್ಲದೆ ಮಾಮನ ಹತ್ತಿರ ಅದಕ್ಕಿಂತ ಚಂದದ ಉತ್ತರವಿತ್ತು. ಮದುವೆಯಾದ ಹೊಸತರಲ್ಲಿ ಅವಳು ಮಧ್ಯಾಹ್ನದ ಬುತ್ತಿ ಹಿಡಿದು ಪ್ರೆಸ್ಸಿಗೆ ಬರುತ್ತಿದ್ದಳು. ಅಚ್ಚುಮೊಳೆ ತುಂಬಿದ ಮರದ ಕೇಸಿನ ಮುಂದೆ ನಿಂತು, “ಎರಡನೇ ಸಾಲು, ಒಂಬತ್ತನೇ ಗೂಡು?” ಎಂದು ಕೇಳುವಳು. ಇವರು ಕಣ್ಣು ಮುಚ್ಚಿ ಅಕ್ಷರ ಹೇಳುವರು. 29 ಎಂದರೆ ಮತ್ತೇನು? ಎರಡನೇ ಸಾಲು, ಒಂಬತ್ತನೇ ಗೂಡು! ಕೊನೆಗಾಲದಲ್ಲಿ ಅವಳು ತಮ್ಮ ಕಸುಬಿನ ಭಾಷೆಯಲ್ಲೇ ಬರೆದಿದ್ದಾಳೆ ಎಂದುಕೊಂಡಾಗ ಮಾಮನಿಗೆ ಅಳುವೂ ಬಂತು, ಹೆಮ್ಮೆಯೂ ಆಯಿತು.

ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಪ್ರೆಸ್ಸು ಮುಚ್ಚಿ, ಕೇಸುಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಮಾಮ ನೆನಪಿನಿಂದಲೇ ದೊಡ್ಡ ಹಾಳೆಯ ಮೇಲೆ ಗೂಡುಗಳನ್ನು ಬರೆದರು. ಎಡದಿಂದ ಎಣಿಸಿದರು, ಬಲದಿಂದ ಎಣಿಸಿದರು. ಬಂದ ಅಕ್ಷರಗಳನ್ನು ಹಿಂದುಮುಂದು ಮಾಡಿ, ಬೇಡವೆನಿಸಿದ್ದನ್ನು ಬಿಟ್ಟು, ಅಂತೂ ‘ಗೋಡೆ’ ಎಂದು ಓದಿದರು. ಸರಿ, ಸುತ್ತಿಗೆ ಬಂತು. ಬೀರುವಿನ ಹಿಂದಿನ ಗಾರೆ ಉದುರುವ ಸದ್ದಿಗೆ ಮಗಳು ಓಡಿ ಬಂದಳು.

“ಅಪ್ಪಾ! ಇದೇನು, ಮನೆ ಕೆಡವ್ತಿದ್ದೀರಾ?”

“ನಿಮ್ಮಮ್ಮ ಹೇಳಿದ್ದು ಕಣಮ್ಮ.”

“ಅಮ್ಮ ಇದ್ದಿದ್ರೆ ಆ ಸುತ್ತಿಗೆ ನಿಮ್ಮ ತಲೆ ಮೇಲೆ ಇರ್ತಿತ್ತು.”

ಪಕ್ಕದ ಮನೆಯ ನಿವೃತ್ತ ಲೆಕ್ಕದ ಮೇಷ್ಟ್ರು ಸೇರಿಕೊಂಡ ಮೇಲೆ ಕುರುಡನಿಗೆ ಕುಂಟ ಜೊತೆಯಾದ ಹಾಗಾಯಿತು. ಮೇಷ್ಟ್ರು ಕೂಡಿದರು, ಕಳೆದರು, ಮೂರು ನೋಟ್‌ಪುಸ್ತಕ ತುಂಬಿಸಿದರು. ಕೊನೆಗೊಂದು ದಿನ ಕುರ್ಚಿಯಿಂದ ಎದ್ದು ನಿಂತರು. “ರೀ, ಒಟ್ಟು ಹತ್ತು ಅಂಕಿ! ಇದು ಫೋನ್ ನಂಬರ್ ಕಣ್ರೀ!” ಮಾಮ ಒಂದೊಂದೇ ಅಂಕಿ ಒತ್ತಿದರು. ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದು ಒಂದು ಹೆಣ್ಣುದನಿ ಹೇಳಿತು. ಮಾಮ ಮೂರು ಸಲ ಮಾಡಿ ಮೂರು ಸಲವೂ ಪೂರ್ತಿ ಕೇಳಿಸಿಕೊಂಡರು. ಮೇಷ್ಟ್ರು ಮೂರೂ ಪುಸ್ತಕ ಮಡಚಿಕೊಂಡು ಮನೆಗೆ ಹೋದರು.

ಊಟದ ತಟ್ಟೆಯ ಪಕ್ಕದಲ್ಲೂ ಚೀಟಿ ಇರುತ್ತಿತ್ತು. ಎರಡು ತುತ್ತು ತಿಂದು ಅದನ್ನೇ ನೋಡುತ್ತ ಕೂತರೆ ತಟ್ಟೆ ಆರಿ ತಣ್ಣಗಾಗುತ್ತಿತ್ತು. ಮಗಳು ಗದರಿ ಗದರಿ ಸೋತಳು.

ಇದರ ನಡುವೆ ಅಂಗಿಯ ತಕರಾರು ಬೇರೆ. ಹೆಂಡತಿ ಹೊಲಿದ ಅಂಗಿಗಳು ಸವೆದುಬಿಟ್ಟಾವೆಂದು ಪೆಟ್ಟಿಗೆಯಲ್ಲಿಟ್ಟು, ಮಾಮ ಅಂಗಡಿಯ ಸಿದ್ಧ ಅಂಗಿ ಹಾಕತೊಡಗಿದ್ದರು. ಯಾವುದನ್ನು ಹಾಕಿದರೂ ಎಡಗಡೆ ಜಾರುತ್ತಿತ್ತು. ದಿನಕ್ಕೆ ನೂರು ಸಲ ಎಡಭುಜ ಎಳೆದುಕೊಳ್ಳುತ್ತ, “ಈಗಿನ ಕಾರ್ಖಾನೆಯವರಿಗೆ ನೆಟ್ಟಗೆ ಒಂದು ಅಂಗಿ ಹೊಲಿಯೋಕೆ ಬರಲ್ಲ,” ಎಂದು ಶಪಿಸುತ್ತಿದ್ದರು. ಅದನ್ನು ಕೇಳಲಾರದೆ ಮಗಳು ಒಂದು ಬೆಳಿಗ್ಗೆ ಹೊಸ ಅಂಗಿಯೊಂದನ್ನು ಕೈಗೆ ಕೊಟ್ಟು, ಮಾರುಕಟ್ಟೆ ಹಿಂದಿನ ಟೈಲರಮ್ಮನ ಹತ್ತಿರ ಅಟ್ಟಿದಳು.

ಟೈಲರಮ್ಮ ಅಂಗಿಯನ್ನು ಮೇಜಿನ ಮೇಲೆ ಹರಡಿ ನೋಡಿದರು. “ಅಂಗಿ ನೆಟ್ಟಗೇ ಇದೆಯಲ್ಲ ಯಜಮಾನ್ರೇ. ತಿರುಗಿ ನಿಂತ್ಕೊಳ್ಳಿ.” ಬೆನ್ನಿನುದ್ದಕ್ಕೆ ಟೇಪು ಹಿಡಿದರು, ಭುಜಕ್ಕೆ ಹಿಡಿದರು, ತೋಳಿಗೆ ಹಿಡಿದರು, ಎದೆ ಸುತ್ತಿದರು, ಕತ್ತು ಸುತ್ತಿದರು. ಆಮೇಲೆ ಮೇಜಿನ ಆಚೆ ಕೂತು ಬರೆಯತೊಡಗಿದರು.

ಮಾಮ ಹಳೆಯ ಚಾಳಿಯಂತೆ ಈಚೆಯಿಂದ ತಲೆಕೆಳಗಾಗಿ ಓದಿದರು. 29. 17. 24. ಅವರ ಕೈ ಮೇಜಿನ ಅಂಚು ಹಿಡಿಯಿತು. 36. 15. ಕೆಳಗೆ ಟೈಲರಮ್ಮ ಒಂದು ಓರೆಗೆರೆ ಎಳೆದು, ತಗ್ಗಿನ ತುದಿಗೆ ಚುಕ್ಕೆ ಇಟ್ಟರು.

“ಅಮ್ಮಾ,” ಎಂದರು ಮಾಮ, “ಆ ಗೆರೆ ಏನು?”

“ಭುಜದ ಇಳಿಜಾರು. ನಿಮ್ಮ ಎಡಭುಜ ಅರ್ಧ ಇಂಚು ತಗ್ಗು. ಎಡಗೈಯಲ್ಲಿ ಭಾರ ಹಿಡಿಯೋ ಕೆಲಸ ಮಾಡ್ತಿದ್ರಾ?”

ಜೋಡಿಸಿದ ಸೀಸದ ಸಾಲುಗಳನ್ನು ನಲವತ್ತು ವರ್ಷ ಹೊತ್ತದ್ದು ಎಡಗೈ. “ನನಗೆ ಯಾರೂ ಹೇಳಲೇ ಇಲ್ಲ,” ಎಂದರು ಮಾಮ.

“ಯಾರು ಹೊಲೀತಿದ್ರು ನಿಮಗೆ? ಅವರಿಗೆ ಗೊತ್ತಿರತ್ತೆ. ಎಡಗಡೆ ಇಳಿಸಿ ಕತ್ತರಿಸಿದ್ರೆ ನೋಡೋರಿಗೂ ಕಾಣಲ್ಲ, ಹಾಕ್ಕೊಂಡೋರಿಗೂ ತಿಳಿಯಲ್ಲ.”

ಮಾಮ ಕಿಸೆಯಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಮಡಿಕೆಗಳಲ್ಲಿ ಹರಿದು ಅಂಟು ಹಾಕಿಸಿಕೊಂಡ ಚೀಟಿ. ಟೈಲರಮ್ಮ ಒಂದೇ ನೋಟಕ್ಕೆ ಓದಿದರು.

“ಇದು ನಿಮ್ಮ ಅಂಗಿ ಅಳತೇನೇ. ಬರೆದಿಟ್ಟೋರು ಇನ್ನೊಬ್ಬ ಟೈಲರಿಗೆ ಕೊಡು ಅಂತಲೇ ಬರೆದಿದ್ದಾರೆ.”

ಎರಡು ವರ್ಷ ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದರು. ತಮ್ಮ ಕಸುಬಿನ ಭಾಷೆಯನ್ನು ಹುಡುಕಿದರೇ ಹೊರತು, ಅವಳಿಗೂ ಒಂದು ಕಸುಬಿದೆ, ಅದಕ್ಕೂ ಭಾಷೆಯಿದೆ ಎಂದು ಯೋಚಿಸಲಿಲ್ಲ. ಮಾತು ಹೋಗಿ, ಬಲಗೈ ಹೋಗಿ, ಪ್ರಾಣ ಹೋಗುವ ಹೊತ್ತಿನಲ್ಲೂ ಅವಳಿಗೆ ಇದ್ದ ಚಿಂತೆ ಇವರ ಅರ್ಧ ಇಂಚಿನದು. ಮಾಮ ಆ ಸ್ಟೂಲಿನ ಮೇಲೆ ಕೂತು, ಅಪರಿಚಿತ ಹೆಂಗಸಿನ ಎದುರು, ನಾಚಿಕೆಯಿಲ್ಲದೆ ಅತ್ತರು. ಟೈಲರಮ್ಮ ಬಾಗಿಲ ಪರದೆ ಎಳೆದು, ಒಂದು ಲೋಟ ನೀರು ತಂದಿಟ್ಟು ಕಾದರು.

“ಒಂದು ಹೊಸ ಅಂಗಿ ಹೊಲೀರಿ,” ಎಂದರು ಮಾಮ ಮುಖ ಒರೆಸಿಕೊಂಡು. “ಈ ಚೀಟಿ ನೋಡ್ಕೊಂಡು.”

“ಎದೆ ಎರಡಿಂಚು ಇಳಿದುಹೋಗಿದೆ. ಸರಿಯಾಗಿ ಊಟ ಮಾಡ್ತಿಲ್ಲ ನೀವು. ಮೂವತ್ತಾರಕ್ಕೇ ಕತ್ತರಿಸ್ತೀನಿ.”

“ಬೇಡಮ್ಮ, ಮೂವತ್ತೆಂಟೇ ಇರಲಿ. ಹಾಗೇ ಮಾಡ್ತೀನಿ ಅಂತ ಮಾತು ಕೊಟ್ಟಿದ್ದೀನಿ.”

ಆ ಮಧ್ಯಾಹ್ನ ಊಟಕ್ಕೆ ಕೂತಾಗ ತಟ್ಟೆಯ ಪಕ್ಕದಲ್ಲಿ ಚೀಟಿ ಇರಲಿಲ್ಲ. ಮಗಳು ಗದರುವ ಮೊದಲೇ ಮಾಮ ತಟ್ಟೆ ಖಾಲಿ ಮಾಡಿ, ಮುಂದೆ ಚಾಚಿ, ಇನ್ನೊಂದು ಸಲ ಬಡಿಸಿಕೊಂಡರು.